ಮಕ್ಕಳ ರಕ್ತ ಹೆಪ್ಪುಗಟ್ಟುವಿಕೆ: ಚೀಟಿಯ ಅಂಕಿಗೂ ಮೊದಲು ಮನೆಯ ಮಾತು

ಬೆಳ್ತಂಗಡಿಯ ಘಟ್ಟದ ತಪ್ಪಲಿನ ಊರೊಂದರಿಂದ ತಂದೆತಾಯಿಯರು ಐದು ವರ್ಷದ ಮಗನನ್ನು ಟಾನ್ಸಿಲ್ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿಗೆ ಕರೆತಂದಿದ್ದಾರೆಂದು ಭಾವಿಸೋಣ. ಮಗು ಆಡಿಕೊಂಡು ಆರೋಗ್ಯವಾಗಿದೆ. ಆದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಚೀಟಿಯಲ್ಲಿ ಒಂದು ಅಂಕಿ ಮಿತಿಗಿಂತ ಮೇಲೆ ನಿಂತಿದೆ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಮನೆಯವರ ನಿದ್ದೆ ಕೆಡುತ್ತದೆ. ಬಂಟ್ವಾಳ, ಮೂಡುಬಿದಿರೆಗಳ ಮನೆಗಳಲ್ಲಿಯೂ ಈ ಆತಂಕ ಒದಗಬಹುದು. ಆದುದರಿಂದ ಆ ಅಂಕಿಯ ಅರ್ಥವನ್ನು ನಾವು ಶಾಂತಚಿತ್ತದಿಂದ ತಿಳಿಯಬೇಕಾಗಿದೆ.

ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆಗಳು ಎರಡು: ಪಿ.ಟಿ. ಮತ್ತು ಎ.ಪಿ.ಟಿ.ಟಿ. ರಕ್ತದ ದ್ರವಭಾಗವು ಪ್ರಯೋಗಾಲಯದಲ್ಲಿ ಎಷ್ಟು ಸೆಕೆಂಡುಗಳಲ್ಲಿ ಹೆಪ್ಪುಗಟ್ಟುತ್ತದೆಂಬುದನ್ನು ಇವು ಅಳೆಯುತ್ತವೆ. ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯ ಫಲಿತಾಂಶ ಬರುವ ವ್ಯಾಪ್ತಿಯನ್ನೇ 'ಸಹಜ ಮಿತಿ' ಎನ್ನುತ್ತಾರೆ. ಅಂದಮೇಲೆ ಯಾವ ರೋಗವೂ ಇಲ್ಲದ ನೂರರಲ್ಲಿ ಐವರು ಆ ಮಿತಿಯ ಹೊರಗೆ ಬೀಳುವುದು ಲೆಕ್ಕಾಚಾರದಲ್ಲಿಯೇ ಅಡಗಿದೆ. ಹೊರಗೆ ಬಿದ್ದ ಅಂಕಿಯೆಲ್ಲವೂ ಕಾಯಿಲೆಯಲ್ಲ.

ಎರಡನೆಯದಾಗಿ, ಮಗು ಚಿಕ್ಕ ಗಾತ್ರದ ದೊಡ್ಡವನಲ್ಲ. ಕೆನಡಾದ ವೈದ್ಯೆ ಮಾರೀನ್ ಆಂಡ್ರ್ಯೂ ಮತ್ತು ಸಂಗಡಿಗರು 1987ರಲ್ಲಿ ಆರೋಗ್ಯವಂತ ಶಿಶುಗಳ ರಕ್ತವನ್ನೂ, 1992ರಲ್ಲಿ 1ರಿಂದ 16 ವರ್ಷದ ಮಕ್ಕಳ ರಕ್ತವನ್ನೂ ಪರೀಕ್ಷಿಸಿ, ಹೆಪ್ಪುಗಟ್ಟಿಸುವ ಅಂಶಗಳ ಪ್ರಮಾಣವು ವಯಸ್ಸಿನೊಡನೆ ಬದಲಾಗುವುದನ್ನು ತೋರಿಸಿದರು. ವಿಟಮಿನ್ ಕೆ ಆಶ್ರಯಿಸಿದ ಅಂಶಗಳು ಹುಟ್ಟಿದಾಗ ಕಡಿಮೆಯಿರುತ್ತವೆ. ನವಜಾತ ಶಿಶುವಿಗೆ ವಿಟಮಿನ್ ಕೆ ಚುಚ್ಚುಮದ್ದು ಕೊಡುವುದು ಇದೇ ಕಾರಣದಿಂದ. ದೊಡ್ಡವರ ಅಳತೆಗೋಲಿನಿಂದ ಶಿಶುವಿನ ರಕ್ತವನ್ನು ಅಳೆದರೆ ತಪ್ಪು ತೀರ್ಮಾನವೇ ಸಿಗುತ್ತದೆ.

ಮೂರನೆಯದು ದೂರದ ಪ್ರಶ್ನೆ. ಸಿಟ್ರೇಟ್ ಇರುವ ನೀಲಿ ಮುಚ್ಚಳದ ಕೊಳವೆಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಅಳುವ ಮಗುವಿನಿಂದ ರಕ್ತ ಕಡಿಮೆ ದೊರೆತು ಕೊಳವೆ ಗುರುತಿನವರೆಗೆ ತುಂಬದಿದ್ದರೆ ಅಂಕಿ ಸುಳ್ಳಾಗಿಯೇ ಏರುತ್ತದೆ. ಎ.ಪಿ.ಟಿ.ಟಿ.ಯನ್ನು ಸುಮಾರು ನಾಲ್ಕು ಗಂಟೆಗಳೊಳಗೆ ಮಾಡಬೇಕು. ಬೆಳಿಗ್ಗೆ ಬೆಳ್ತಂಗಡಿಯಲ್ಲಿ ತೆಗೆದ ರಕ್ತ ಬಂಟ್ವಾಳದ ಹಾದಿಯಲ್ಲಿ ಸಾಗಿ ಸಂಜೆ ಮಂಗಳೂರನ್ನು ಮುಟ್ಟಿದರೆ ದಾರಿಯೇ ದೋಷವಾಗಬಹುದು. ಸಾಮಾನ್ಯ ವೈರಸ್ ಜ್ವರದ ನಂತರವೂ ಕೆಲವು ಮಕ್ಕಳಲ್ಲಿ ಈ ಅಂಕಿ ತಾತ್ಕಾಲಿಕವಾಗಿ ಏರುವುದುಂಟು. ಹನ್ನೆರಡನೆಯ ಅಂಶದ ಕೊರತೆಯಲ್ಲಿಯಂತೂ ಅಂಕಿ ಏರಿದರೂ ರಕ್ತಸ್ರಾವ ಆಗುವುದಿಲ್ಲ.

ಹಾಗಾದರೆ ಯಾವುದನ್ನು ನಂಬುವುದು? ಮನೆಯವರ ಮಾತನ್ನು. ರಕ್ತಸ್ರಾವದ ಹಿನ್ನೆಲೆಯಿಲ್ಲದವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ವಾಡಿಕೆಯಾಗಿ ಈ ಪರೀಕ್ಷೆ ಬೇಡವೆಂದು ಬ್ರಿಟನ್ನಿನ ರಕ್ತಶಾಸ್ತ್ರ ಸಮಿತಿಯು 2008ರ ಮಾರ್ಗಸೂಚಿಯಲ್ಲಿ ಹೇಳಿತು. ಮೊದಲು ಕೇಳಬೇಕಾದುದು ಹೀಗೆ: ಹೊಕ್ಕುಳಬಳ್ಳಿ ಬಿದ್ದಾಗ, ಕಿವಿ ಚುಚ್ಚಿದಾಗ, ಹಾಲುಹಲ್ಲು ಉದುರಿದಾಗ ರಕ್ತ ನಿಲ್ಲದೆ ಹರಿದಿತ್ತೆ? ಲಸಿಕೆ ಹಾಕಿದ ಜಾಗ ಬಹಳ ಬಾತಿತ್ತೆ? ಕಾರಣವಿಲ್ಲದೆ ದೊಡ್ಡ ನೀಲಿಕಲೆಗಳೇಳುತ್ತವೆಯೆ? ಮೊಣಕಾಲು ಬಾರಿಬಾರಿಗೂ ಊದುತ್ತದೆಯೆ? ತಾಯಿಯ ಸೋದರರಿಗೆ ಇಂಥ ತೊಂದರೆ ಇತ್ತೆ? ಹಿಮೋಫಿಲಿಯಾ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದರಿಂದ ಕೊನೆಯ ಪ್ರಶ್ನೆ ಮುಖ್ಯವಾದುದು. ತಾಯಿಯ ಬಳಿಯಿಂದಲೇ ವಂಶವನ್ನು ಗುರುತಿಸುವ ಅಳಿಯಕಟ್ಟಿನ ತುಳುನಾಡಿನಲ್ಲಿ ಅಜ್ಜಿಯಂದಿರು ಇದಕ್ಕೆ ಸರಿಯಾಗಿ ಉತ್ತರಿಸಬಲ್ಲರು. ಆದರೆ ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಮನೆತನದ ಹಿನ್ನೆಲೆ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಉತ್ತರಗಳಲ್ಲಿ ಒಂದೇ ಒಂದು 'ಹೌದು' ಇದ್ದರೂ ವೈದ್ಯರಿಗೆ ತಿಳಿಸಬೇಕು. ಆಗ ಪರೀಕ್ಷೆ ಅವಶ್ಯ. ಫಲಿತಾಂಶ ಸಹಜವೆಂದು ಬಂದರೂ ತನಿಖೆ ನಿಲ್ಲಬಾರದು. ಹದಿಮೂರನೆಯ ಅಂಶದ ಕೊರತೆ, ಪ್ಲೇಟ್‌ಲೆಟ್‌ಗಳ ದೋಷ ಮುಂತಾದವು ಈ ಎರಡು ಪರೀಕ್ಷೆಗಳ ಕಣ್ಣಿಗೆ ಬೀಳುವುದಿಲ್ಲ. ಹಿಮೋಫಿಲಿಯಾ ಖಚಿತವಾದರೂ ಧೃತಿಗೆಡಬೇಕಿಲ್ಲ. ಕೊರತೆಯ ಅಂಶವನ್ನು ಚುಚ್ಚುಮದ್ದಿನಿಂದ ತುಂಬಬಹುದು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥ ಕುಟುಂಬಗಳ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಈ ರೋಗವನ್ನು ಪಟ್ಟಿಯಲ್ಲಿ ಸೇರಿಸಿದೆ.

ಕಾರಣವಿದ್ದಾಗ ಸರಳ ಪರೀಕ್ಷೆಯೂ ಪ್ರಾಣ ಉಳಿಸುತ್ತದೆ. ಅಡಕೆ ತೋಟದಲ್ಲಿ ಮಗುವಿಗೆ ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಶುಚಿಯಾದ ಒಣ ಗಾಜಿನ ನಳಿಕೆಯಲ್ಲಿ ಒಂದೆರಡು ಮಿಲಿ ರಕ್ತವನ್ನಿಟ್ಟು ಇಪ್ಪತ್ತು ನಿಮಿಷ ಅಲುಗಿಸದೆ ಕಾಯುತ್ತಾರೆ. ಓರೆ ಮಾಡಿದಾಗ ರಕ್ತ ಹರಿದರೆ ಮಂಡಲದ ಹಾವಿನಂಥವುಗಳ ವಿಷ ಏರಿದೆಯೆಂದು ತಿಳಿದು ಪ್ರತಿವಿಷ ಕೊಡುತ್ತಾರೆ. ಅಲ್ಲಿ ಪ್ರಶ್ನೆ ಸ್ಪಷ್ಟವಾಗಿದೆ, ಉತ್ತರವೂ ಸ್ಪಷ್ಟ.

ಆದಕಾರಣ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ: ಆರೋಗ್ಯವಂತ ಮಗುವಿನ ಚೀಟಿಯಲ್ಲಿ ಅಂಕಿ ಏರಿದ್ದರೆ ಗಾಬರಿಯಾಗದೆ, ಸರಿಯಾಗಿ ತೆಗೆದ ರಕ್ತದಿಂದ ಮರುಪರೀಕ್ಷೆ ಮಾಡಿಸಿರಿ, ಮಗುವಿನ ವಯಸ್ಸಿನ ಮಿತಿಯೊಡನೆ ಹೋಲಿಸಿದ್ದಾರೆಯೆ ಎಂದು ವಿನಯದಿಂದ ಕೇಳಿರಿ. ಮಗುವಿಗೆ ರಕ್ತ ನಿಲ್ಲದ ಅನುಭವವಿದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ. ಚೀಟಿಗೆ ತಿಳಿಯದ ಎಷ್ಟೋ ಸಂಗತಿ ತಾಯಿಗೆ ತಿಳಿದಿರುತ್ತದೆ.