ಬೆಂಚಿನ ನಡುವೆ ಕಬ್ಬಿಣದ ಕೈ ಯಾಕೆ?

ಪ್ರಶ್ನೆ: ಬಸ್ ನಿಲ್ದಾಣದ ಬೆಂಚುಗಳಲ್ಲಿ ಸೀಟು ಸೀಟಿಗೂ ಕಬ್ಬಿಣದ ಕೈ ಇಡುವುದೇಕೆ? – ಓದುಗರು, ಹೊಳೆನರಸೀಪುರ

ಉತ್ತರ: ಮಂಡಿನೋವಿನವರಿಗೆ ಏಳುವಾಗ ಊರಿಕೊಳ್ಳಲು ಕೈ ಬೇಕು, ನಿಜ. ಅದಕ್ಕೆ ಬೆಂಚಿನ ಎರಡು ತುದಿ ಸಾಕು. ನಡುವಿನ ಕೈಗಳಿಂದ ಆಗುವುದು ಬೇರೆಯೇ: ಯಾರೂ ಕಾಲು ಚಾಚಿ ಮಲಗುವಂತಿಲ್ಲ. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ 2012ರಲ್ಲಿ ಮಲಗಲಾಗದ ಇಳಿಜಾರಿನ ಕಾಂಕ್ರೀಟ್ ಬೆಂಚುಗಳನ್ನೇ ಇಟ್ಟರು. ಅಂಗಡಿ ಮುಂದಿನ ಕಟ್ಟೆಗೆ ಮೊಳೆಸಾಲು ಹೊಡೆಯುವುದೂ ಇದೇ ಜಾತಿ. ದಾರಿಹೋಕರು ಮಲಗಲೆಂದು ಜಗಲಿ ಬಿಟ್ಟು ಮನೆ ಕಟ್ಟಿದ ಸೀಮೆ ನಮ್ಮದು. ಅರಕಲಗೂಡಿನಿಂದ ರಾತ್ರಿ ಹಾಸನಕ್ಕೆ ಬಂದಿಳಿದು ಬೆಳಗಿನ ಬಸ್ಸಿಗೆ ಕಾಯುವ ಕೂಲಿಯವರನ್ನು ಕೂತೇ ತೂಕಡಿಸಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಹೀಗೆ ಕೆಲವರನ್ನು ದೂರವಿಡುವುದು ಬೆಂಚಿಗಷ್ಟೇ ಸೀಮಿತವಲ್ಲ; ಪಾರ್ಕಿನ ಗೇಟನ್ನೂ ಗಮನಿಸಿ. ಸ್ಕೂಟರ್, ದನ ನುಗ್ಗದಿರಲೆಂದು ಬಾಗಿಸಿ ನೆಟ್ಟ ಪೈಪಿನ ಸಂದಿಯಲ್ಲಿ ಗಾಲಿಕುರ್ಚಿಯೂ ಹೋಗದು, ಮಗುವಿನ ತಳ್ಳುಗಾಡಿಯೂ ಹೋಗದು. ಗಾಲಿಕುರ್ಚಿಗೆ ಕನಿಷ್ಠ 90 ಸೆಂ.ಮೀ. ದಾರಿ ಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಎಟುಕಬೇಕೆನ್ನುತ್ತದೆ.

ಇನ್ನು ಬೀಗ. ಬೆಂಗಳೂರಿನ ಹಲವು ಪಾರ್ಕುಗಳು ಬಹುಕಾಲ ಮಧ್ಯಾಹ್ನ ಮುಚ್ಚಿರುತ್ತಿದ್ದವು, ಅಂದರೆ ಗಾರೆ ಕೆಲಸದವರಿಗೆ, ಡೆಲಿವರಿ ಹುಡುಗರಿಗೆ ನೆರಳು ಬೇಕಾದ ಹೊತ್ತಿಗೇ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಸರ್ಕಾರ ನಿರ್ಧರಿಸಿತು.

ಇವೆಲ್ಲ ಬದಲಾಗಬಲ್ಲ ಸಂಗತಿಗಳು. ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬೆಂಗಳೂರಿನ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1991ರಲ್ಲಿ ಗೆದ್ದರು. ಹಾಸನವಾಗಲಿ ಚನ್ನರಾಯಪಟ್ಟಣವಾಗಲಿ, ಗೇಟಿನ ಅಳತೆ ತೆಗೆದು, ಫೋಟೊ ಲಗತ್ತಿಸಿ ಊರಿನ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಗೋ ಆಯುಕ್ತರಿಗೋ ಅರ್ಜಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.