ಜಮೀನು ಖರೀದಿಗೆ ಮುನ್ನ ಅಭಯಾರಣ್ಯದ ಗಡಿಯ ಅಳತೆ

ಕುಮಾರಪಟ್ಟಣ, ರಾಣೆಬೆನ್ನೂರು ಭಾಗದಲ್ಲಿ ಕಲ್ಲುಗಣಿಗೆಂದು ಜಮೀನು ಕೊಳ್ಳುವವರು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಿಂದ ಅದಕ್ಕಿರುವ ದೂರವನ್ನು ಮೊದಲೇ ಅರಿಯುವುದು ಅವಶ್ಯ. 119 ಚದರ ಕಿಲೋಮೀಟರ್ ವಿಸ್ತಾರದ ಈ ಅಭಯಾರಣ್ಯ 1974ರಲ್ಲಿ ಸ್ಥಾಪಿತವಾಯಿತು. ಅಭಯಾರಣ್ಯಗಳ ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ನಕ್ಷೆಯಲ್ಲಿ ಗಡಿಯು ಅಕ್ಷಾಂಶ-ರೇಖಾಂಶ ಬಿಂದುಗಳನ್ನು ಜೋಡಿಸಿದ ಬಹುಭುಜಾಕೃತಿಯಾಗಿರುತ್ತದೆ. ಜಮೀನು ಅದರ ಹೊರಗಿದ್ದಲ್ಲಿ ಪ್ರತಿಯೊಂದು ಭುಜಕ್ಕೂ ಲಂಬವನ್ನೆಳೆದು ಅಳೆಯಬೇಕು. ಲಂಬವು ಭುಜದಾಚೆ ಬಿದ್ದರೆ ಸಮೀಪದ ತುದಿಯವರೆಗೆ ಅಳೆಯಬೇಕು. ಇವುಗಳಲ್ಲಿ ಕನಿಷ್ಠವಾದುದೇ ನಿಜವಾದ ದೂರ.

ಮೂಲೆಬಿಂದುಗಳಿಂದ ಮಾತ್ರ ಅಳೆಯುವುದು ಅಪಾಯಕರ. 2 ಕಿಲೋಮೀಟರ್ ಉದ್ದದ ಭುಜದ ಮಧ್ಯಕ್ಕೆದುರಾಗಿ 800 ಮೀಟರ್ ದೂರದಲ್ಲಿರುವ ಜಮೀನು ಎರಡೂ ಮೂಲೆಗಳಿಂದ ಸುಮಾರು 1.28 ಕಿಲೋಮೀಟರ್ ದೂರವೆಂದು ತೋರುತ್ತದೆ. ವಾಸ್ತವವಾಗಿ ಅದು ನಿಷೇಧದೊಳಗೇ ಇರುತ್ತದೆ. ಜಮೀನಿನ ಎಲ್ಲ ಅಂಚುಗಳಿಂದಲೂ ಅಳೆದು, ಅರಣ್ಯ ಇಲಾಖೆಯಿಂದ ಲಿಖಿತ ದೃಢೀಕರಣ ಪಡೆದ ನಂತರವೇ ಮುಂಗಡ ನೀಡುವುದು ಕ್ಷೇಮಕರ.