ಮನೋವ್ಯಾಧಿಗೆ ಮದ್ದು: ಕೊಪ್ಪಳ ಸೀಮೆಯ ಜನಪದ ನಂಬಿಕೆ ಮತ್ತು ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರು

‘ಮನೋವ್ಯಾಧಿಗೆ ಮದ್ದಿಲ್ಲ’ ಎಂಬುದು ಕನ್ನಡ ಜನಪದರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ದೇಹದ ನೋವಿಗೆ ಬೇರು, ಎಲೆ, ತೊಗಟೆಗಳಲ್ಲಿ ಔಷಧಿ ಕಂಡುಕೊಂಡ ಜನಪದರು ಮನಸ್ಸಿನ ನೋವಿನ ಎದುರು ಕೈಚೆಲ್ಲಿ ನಿಂತುದನ್ನು ಈ ಗಾದೆ ಸೂಚಿಸುತ್ತದೆ. ಹಾಗೆಂದು ಅವರು ಸುಮ್ಮನೆ ಕುಳಿತವರಲ್ಲ. ಹರಕೆ, ತಾಯತ, ನಿವಾಳಿ, ಭಜನೆ, ಜಾತ್ರೆಗಳೆಂಬ ಹಲವು ದಾರಿಗಳನ್ನು ಅವರು ಹುಡುಕಿಕೊಂಡರು. ಕಳೆದ ಐದು ದಶಕಗಳಲ್ಲಿ ಈ ದಾರಿಗಳ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದುಕೊಂಡಿದೆ. ಅದು ಸಮುದಾಯ ಮಾನಸಿಕ ಆರೋಗ್ಯ ಸೇವೆಯ ದಾರಿ. ಈ ಎರಡೂ ದಾರಿಗಳು ಕೂಡುವಲ್ಲಿ ನಿಂತು ಕೆಲಸ ಮಾಡುವ ಕಾರ್ಯಕರ್ತರ ಕೆಲಸದ ಸ್ವರೂಪವನ್ನು ಕೊಪ್ಪಳ ಸೀಮೆಯ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ ಭಾಗ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾ ಭಾಗಗಳು ಮಳೆಯನ್ನೇ ನಂಬಿದ ಬೆದ್ದಲು ಭೂಮಿ. ಯಲಬುರ್ಗಾ ಸೀಮೆಯಲ್ಲಿ ಮಂಗಳೂರು ಎಂಬ ಊರೊಂದಿದೆ. ಕರಾವಳಿಯ ಮಂಗಳೂರಿಗೂ ಇದಕ್ಕೂ ಹೆಸರಿನ ಸಾಮ್ಯವಷ್ಟೇ. ಆದರೆ ಮಳೆ ಕೈಕೊಟ್ಟ ವರ್ಷ ಈ ಭಾಗದವರು ಗುಳೆ ಹೋಗುವ ಊರುಗಳಲ್ಲಿ ಬೆಂಗಳೂರು, ಗೋವೆಗಳ ಜೊತೆಗೆ ಆ ಕರಾವಳಿಯ ಮಂಗಳೂರೂ ಸೇರಿದೆ. ಬರ, ಸಾಲ, ಗುಳೆ, ಊರಲ್ಲಿ ಉಳಿದ ಮುದುಕರ ಒಂಟಿತನ, ಇವೆಲ್ಲ ಈ ಸೀಮೆಯ ಮನಸ್ಸಿನ ಮೇಲೆ ಬೀಳುವ ಭಾರಗಳು. ಇಲ್ಲಿನ ಮಾನಸಿಕ ಆರೋಗ್ಯದ ಪ್ರಶ್ನೆಯನ್ನು ಈ ಭಾರಗಳಿಂದ ಬೇರ್ಪಡಿಸಿ ನೋಡಲಾಗದು.

ನೋವಿನ ಜನಪದ ಭಾಷೆ

ವೈದ್ಯಶಾಸ್ತ್ರ ‘ಖಿನ್ನತೆ’ ಎಂದು ಕರೆಯುವ ಸ್ಥಿತಿಯನ್ನು ಈ ಸೀಮೆಯ ಹೆಣ್ಣುಮಗಳು ಆ ಹೆಸರಿನಿಂದ ಹೇಳುವುದಿಲ್ಲ. ‘ಜೀವಕ್ಕ ಸಮಾಧಾನ ಇಲ್ಲ’, ‘ಎದಿ ಡವಡವ ಅಂತೈತಿ’, ‘ನಿದ್ದಿ ಹತ್ತವಲ್ದು’, ‘ಉಂಡದ್ದು ಸೇರವಲ್ದು’ ಎಂದು ಆಕೆ ದೇಹದ ಮೂಲಕವೇ ಮನಸ್ಸನ್ನು ಹೇಳುತ್ತಾಳೆ. ತೀವ್ರವಾದ ಮನೋರೋಗಕ್ಕೆ ‘ತಲಿ ಕೆಟ್ಟೈತಿ’ ಎನ್ನುವ ಮಾತಿದೆ. ಕಾರಣವನ್ನು ಸೂಚಿಸುವಾಗ ‘ಗಾಳಿ ಆಗೈತಿ’, ‘ಸೋಂಕಾಗೈತಿ’, ‘ಮಾಟ ಮಾಡ್ಯಾರ’ ಎನ್ನುತ್ತಾರೆ. ಹೆರಿಗೆಯಾದ ಕೆಲವು ದಿನಗಳಲ್ಲಿ ತಾಯಿಗೆ ಕಾಣಿಸಿಕೊಳ್ಳುವ ತೀವ್ರ ಮನೋವಿಕಾರವನ್ನು ಜನಪದರು ‘ಬಾಣಂತಿ ಸನ್ನಿ’ ಎಂದು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಆಧುನಿಕ ಮನೋವೈದ್ಯವೂ ಅದನ್ನು ತುರ್ತು ಚಿಕಿತ್ಸೆ ಬೇಡುವ ಸ್ಥಿತಿಯೆಂದೇ ಪರಿಗಣಿಸುತ್ತದೆ. ಜನಪದರ ಗಮನಿಸುವಿಕೆ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಇದೊಂದು ನಿದರ್ಶನ.

ಈ ಭಾಷೆಯಲ್ಲಿ ಒಂದು ಅನುಕೂಲವೂ ಒಂದು ಅಪಾಯವೂ ಇವೆ. ‘ಗಾಳಿ’ ಎಂದಾಗ ದೋಷ ಹೊರಗಿನದಾಗುತ್ತದೆ. ರೋಗಿಯ ಮೇಲೆ ತಪ್ಪು ಹೊರಿಸಿದಂತಾಗುವುದಿಲ್ಲ. ಗಾಳಿ ಬಿಟ್ಟಮೇಲೆ ಆತ ಮತ್ತೆ ಮನೆಯ ಮನುಷ್ಯನಾಗಬಹುದು. ‘ಹುಚ್ಚ’ ಎಂಬ ಹೆಸರು ಒಮ್ಮೆ ಬಿದ್ದರೆ ಹೀಗಾಗುವುದಿಲ್ಲ. ಅದು ಆಯುಷ್ಯವಿಡೀ ಅಂಟಿಕೊಳ್ಳುತ್ತದೆ. ಧಾರವಾಡದ ಮಾನಸಿಕ ಆಸ್ಪತ್ರೆ 19ನೆಯ ಶತಮಾನದಿಂದಲೂ ಈ ಭಾಗದ ಜನರಿಗೆ ಪರಿಚಿತ. ‘ಧಾರವಾಡಕ್ಕ ಕಳಸಬೇಕು’ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಇಂದಿಗೂ ಹಾಸ್ಯಕ್ಕೂ ಬೈಗುಳಕ್ಕೂ ಬಳಕೆಯಾಗುತ್ತದೆ. ರೋಗಕ್ಕಿಂತ ಈ ಹೆಸರಿಗೆ ಅಂಜಿ ಚಿಕಿತ್ಸೆಯನ್ನು ಮುಂದೂಡುವ ಕುಟುಂಬಗಳಿವೆ. ಇದೇ ಅಪಾಯದ ಮಾತು. ಗಾಳಿಯ ಹೆಸರಿನಲ್ಲಿ ರೋಗಿಯ ಮಾನ ಉಳಿಯುತ್ತದೆ, ಆದರೆ ದಿನ ಕಳೆಯುತ್ತದೆ.

ಹರಕೆಯ ದಾರಿ

ತುಂಗಭದ್ರೆಯ ದಡದ ಹುಲಿಗಿಯಲ್ಲಿರುವ ಹುಲಿಗೆಮ್ಮ ಈ ಸೀಮೆಯ ದೊಡ್ಡ ಶಕ್ತಿದೇವತೆ. ಹುಣ್ಣಿಮೆಗೆ ಅಲ್ಲಿ ನೆರೆಯುವ ಭಕ್ತರಲ್ಲಿ ಮನಸ್ಸಿನ ನೆಮ್ಮದಿ ಅರಸಿ ಬರುವವರೂ ಇರುತ್ತಾರೆ. ಊರಿನ ದರ್ಗಾ, ಮಠ, ದೇವರು ಹೇಳುವವರ ಮನೆ, ಇವೂ ಜಾತಿ ಮತಗಳ ಗಡಿ ಮೀರಿ ಜನ ಹೋಗುವ ನೆಲೆಗಳು. ಅಲ್ಲಿ ರೋಗಿಗೆ ದೊರೆಯುವುದೇನು ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೂ ಎತ್ತಿದ್ದಾರೆ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ತಂಗಿದ್ದ ಅವಧಿಯಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ವಿಶೇಷ ಚಿಕಿತ್ಸಾ ವಿಧಿಗಳಿಗಿಂತ ಬೆದರಿಕೆಯಿಲ್ಲದ, ಆಸರೆ ನೀಡುವ ವಾತಾವರಣವೇ ಇದಕ್ಕೆ ಕಾರಣವಾಗಿರಬಹುದೆಂದು ಅವರು ಅಭಿಪ್ರಾಯಪಟ್ಟರು.

ಇದಕ್ಕೂ ಮೊದಲು 1970ರ ದಶಕದಲ್ಲಿ ಆರ್.ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ನಡೆಸಿದ ಅಧ್ಯಯನದಲ್ಲಿ ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ಸ್ಥಳೀಯ ಚಿಕಿತ್ಸಕರನ್ನು ಗುರುತಿಸಿದ್ದರು. ಜನ ಇವರ ಬಳಿಗೂ ಆಧುನಿಕ ವೈದ್ಯರ ಬಳಿಗೂ ಹೋಗುತ್ತಿದ್ದರೆಂಬುದು ಅವರಿಗೆ ಕಂಡುಬಂದಿತ್ತು. ದೇವರು, ಡಾಕ್ಟರು ಎಂಬ ಎರಡು ಪಕ್ಷಗಳು ಪಂಡಿತರ ಚರ್ಚೆಯಲ್ಲಿರುವಷ್ಟು ಗಟ್ಟಿಯಾಗಿ ಜನರ ಬದುಕಿನಲ್ಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನದಿಯಾಚೆಯ ಪ್ರಯೋಗ

ಮನೋವೈದ್ಯವನ್ನು ಆಸ್ಪತ್ರೆಯ ಗೋಡೆಯಿಂದ ಹೊರತರುವ ಯತ್ನದಲ್ಲಿ ಕರ್ನಾಟಕದ ಪಾತ್ರ ಹಿರಿದು. 1974ರ ಕೊನೆಗೆ ರೂಪುಗೊಂಡ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯ ಘಟಕವನ್ನು ಆರಂಭಿಸಿ, ಆನೇಕಲ್ ತಾಲ್ಲೂಕಿನ ಸಕಲವಾರವನ್ನು ಕೇಂದ್ರವಾಗಿಸಿಕೊಂಡಿತು. ತಜ್ಞರು ವಿರಳವಾಗಿರುವ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಚಿಕಿತ್ಸೆ ಹಳ್ಳಿಗೆ ತಲುಪೀತೆಂಬುದು ಈ ಪ್ರಯೋಗದ ತಿರುಳು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಾಗ ಈ ತತ್ವವೇ ಅದಕ್ಕೆ ಆಧಾರವಾಯಿತು. ಇಡೀ ಜಿಲ್ಲೆಯ ಮಟ್ಟದಲ್ಲಿ ಇದನ್ನು 1985ರಿಂದ 1990ರವರೆಗೆ ಪರೀಕ್ಷಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಪ್ರಯೋಗವನ್ನು ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶಮಟ್ಟದಲ್ಲಿ ಆರಂಭವಾಯಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹೊಸಪೇಟೆಗೂ ಕೊಪ್ಪಳ ಸೀಮೆಯ ಹುಲಿಗಿ, ಮುನಿರಾಬಾದುಗಳಿಗೂ ನಡುವೆ ಇರುವುದು ತುಂಗಭದ್ರೆಯೊಂದೇ.

ಮುಂದೆ 2014ರಲ್ಲಿ ಕರ್ನಾಟಕ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯಗಳನ್ನು ಆರಂಭಿಸಿತು. 2022ರ ಅಕ್ಟೋಬರ್ 10ರಂದು ಚಾಲನೆಗೊಂಡ ‘ಟೆಲಿ ಮಾನಸ್’ ಸಹಾಯವಾಣಿ (14416) ಕನ್ನಡದಲ್ಲಿಯೂ ಹಗಲು ರಾತ್ರಿ ಲಭ್ಯವಿದೆ. ಹೀಗಿದ್ದೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳುಳ್ಳವರಲ್ಲಿ ಚಿಕಿತ್ಸೆ ದೊರೆಯದೆ ಉಳಿದವರು ಶೇ. 70ರಿಂದ 92ರಷ್ಟು. ಚಿಕಿತ್ಸಾಲಯಕ್ಕೂ ಮನೆಯ ಒಳಕೋಣೆಗೂ ನಡುವಿನ ಈ ಅಂತರವನ್ನು ದಾಟಿಸುವವರೇ ಸಮುದಾಯದ ಕಾರ್ಯಕರ್ತರು. ಜಿಲ್ಲಾ ತಂಡದ ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಸಮುದಾಯ ಶುಶ್ರೂಷಕರು, ಹಳ್ಳಿಯಲ್ಲೇ ನೆಲೆಸಿರುವ ಆಶಾ ಕಾರ್ಯಕರ್ತೆಯರು ಈ ಸಾಲಿನಲ್ಲಿ ಬರುತ್ತಾರೆ.

ಕಾರ್ಯಕರ್ತರ ಕೆಲಸ

ಇವರ ಮೊದಲ ಕೆಲಸ ಕೇಳಿಸಿಕೊಳ್ಳುವುದು. ಬಾಣಂತಿ ಆರೈಕೆಗೋ ಕೂಸಿನ ಲಸಿಕೆಗೋ ಮನೆಗೆ ಬಂದ ಆಶಾ ಕಾರ್ಯಕರ್ತೆಯನ್ನು ಮನೆಯವರು ‘ಅಕ್ಕಾರ, ಬರ್ರಿ’ ಎಂದು ಕರೆದು ಕಟ್ಟೆಯ ಮೇಲೆ ಕೂರಿಸುತ್ತಾರೆ. ನೇರವಾಗಿ ‘ನಿಮ್ಮ ಮನ್ಯಾಗ ಮಾನಸಿಕ ರೋಗಿ ಅದಾರೇನು?’ ಎಂದು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ‘ನಿದ್ದಿ ಹೆಂಗ ಐತಿ ಯವ್ವಾ? ಊಟ ಸೇರತೈತೇನು?’ ಎಂದರೆ ಮಾತು ಬಿಚ್ಚಿಕೊಳ್ಳುತ್ತದೆ. ಒಂದು ಕಾಲಕ್ಕೆ ಬೀಸುವಕಲ್ಲಿನ ಮುಂದೆ ಹೆಣ್ಣುಮಕ್ಕಳು ಗಂಡನ ಮನೆಯ ಕಷ್ಟವನ್ನೂ ತವರಿನ ಹಂಬಲವನ್ನೂ ಹಾಡಾಗಿಸುತ್ತಿದ್ದರು. ಗಿರಣಿ ಬಂದಮೇಲೆ ಬೀಸುವ ದುಡಿಮೆ ತಪ್ಪಿತು. ಅದರೊಡನೆ ದುಃಖವನ್ನು ಹೊರಹಾಕುವ ಒಂದು ತಾಣವೂ ಇಲ್ಲವಾಯಿತು. ಕಟ್ಟೆಯ ಮೇಲಿನ ಈ ಮಾತುಕತೆ ಆ ತಾಣವನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಇದೇ ಮಾತಿನ ನಡುವೆ ‘ಜೀವ ಬ್ಯಾಡಾಗೈತಿ’ ಎಂಬ ನುಡಿ ಬಂದರೆ ತರಬೇತಿ ಪಡೆದ ಕಾರ್ಯಕರ್ತೆ ಅದನ್ನು ಬರೀ ಬೇಸರದ ಮಾತೆಂದು ದಾಟಿಸುವುದಿಲ್ಲ. ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳುತ್ತಾಳೆ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲವೆಂಬುದು ಆಕೆಗೆ ತಿಳಿದಿರುತ್ತದೆ. ಹೊಲದ ಕ್ರಿಮಿನಾಶಕವನ್ನು ಮನೆಯಿಂದ ದೂರವಿಡಿಸಿ, ಆ ವ್ಯಕ್ತಿ ಒಂಟಿಯಾಗದಂತೆ ಮನೆಯವರಿಗೆ ಹೇಳಿ, ಅಂದೇ ವೈದ್ಯರಿಗೆ ತಿಳಿಸುವುದು ಆಗ ಆಕೆಯ ಹೊಣೆ.

ಎರಡನೆಯದು, ನಂಬಿಕೆಯೊಡನೆ ಜಗಳವಾಡದೆ ಚಿಕಿತ್ಸೆಗೆ ದಾರಿ ಮಾಡುವುದು. ‘ಗಾಳಿಯೆಂಬುದು ಸುಳ್ಳು’ ಎಂದು ವಾದಕ್ಕಿಳಿದ ಕಾರ್ಯಕರ್ತರನ್ನು ಆ ಮನೆ ಮತ್ತೆ ಕರೆಯುವುದಿಲ್ಲ. ‘ಹರಕಿ ಬಿಡಬ್ಯಾಡ್ರಿ, ಗುಳಗಿನೂ ಬಿಡಬ್ಯಾಡ್ರಿ’ ಎಂಬುದು ಇಲ್ಲಿ ಫಲ ಕೊಡುವ ಮಾತು. ಗುಜರಾತಿನ ಉನಾವಾ ಗ್ರಾಮದ ಮೀರಾ ದಾತಾರ್ ದರ್ಗಾದಲ್ಲಿ ಔಷಧಿ ಮತ್ತು ಪ್ರಾರ್ಥನೆಗಳನ್ನು ಜೊತೆಗೂಡಿಸಿದ ‘ದವಾ–ದುವಾ’ ಪ್ರಯೋಗ ಈ ತತ್ವದ ಮೇಲೆಯೇ ನಿಂತುದು. ಮಂಗಳವಾರ, ಶುಕ್ರವಾರಗಳು ದೇವಿಯ ವಾರಗಳು. ಮಂಗಳವಾರದ ಚಿಕಿತ್ಸಾಲಯಕ್ಕೆ ಬರುವವರನ್ನು ಮೊದಲು ಗುಡಿಗೆ ಹೋಗಿಬರಲು ಬಿಡುವ ತಿಳಿವಳಿಕೆ ಈ ಸೀಮೆಯಲ್ಲಿ ಕೆಲಸ ಮಾಡುವವರಿಗೆ ಇರಬೇಕಾಗುತ್ತದೆ.

ಮೂರನೆಯದು ಗುಳಿಗೆ ತಪ್ಪದಂತೆ ನೋಡಿಕೊಳ್ಳುವುದು. ಹೊರಗಿನವರಿಗೆ ಕಾಣದ, ಆದರೆ ಅತಿ ಹೆಚ್ಚು ಶ್ರಮ ಬೇಡುವ ಕೆಲಸವಿದು. ಮನೋರೋಗದ ಔಷಧಿ ಪರಿಣಾಮ ತೋರಲು ವಾರಗಳು ಬೇಕು. ಆರಾಮವೆನಿಸಿದ ಕೂಡಲೇ ಬಿಟ್ಟರೆ ರೋಗ ಮರುಕಳಿಸಬಹುದು. ಗುಳೆ ಹೊರಟ ಕುಟುಂಬದ ರೋಗಿಗೆ ಪರವೂರಿನಲ್ಲಿ ಔಷಧಿ ತಪ್ಪುವುದು ಸಾಮಾನ್ಯ. ಆದುದರಿಂದ ಗುಳೆಯ ಕಾಲ ಬರುವ ಮೊದಲೇ ಹೆಚ್ಚಿನ ದಿನಗಳ ಗುಳಿಗೆ ಕೊಡಿಸಿ, ವೈದ್ಯರ ಚೀಟಿಯನ್ನು ಜೊತೆಗಿರಿಸಿ ಕಳುಹಿಸಬೇಕಾಗುತ್ತದೆ. ಮೂರ್ಛೆರೋಗದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕೈಗೆ ಕಬ್ಬಿಣ ಕೊಡುವ, ಚಪ್ಪಲಿ ಮೂಸಿಸುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ದಿನನಿತ್ಯದ ಅಗ್ಗದ ಗುಳಿಗೆಯಿಂದ ಬಹುಪಾಲು ರೋಗಿಗಳ ಮೂರ್ಛೆ ಹತೋಟಿಗೆ ಬರುತ್ತದೆಂಬುದನ್ನು ಮನೆಯವರು ಕಣ್ಣಾರೆ ಕಂಡಮೇಲೆ ರೂಢಿ ತಾನಾಗಿಯೇ ಸಡಿಲಗೊಳ್ಳುತ್ತದೆ.

ನಾಲ್ಕನೆಯದು ಬದುಕಿನ ಪುನರ್ವಸತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಪ್ರಮಾಣಪತ್ರ ಮಾಡಿಸಿ ಪಿಂಚಣಿ ಕೊಡಿಸುವುದು, ಉದ್ಯೋಗ ಖಾತರಿಯ ಕೆಲಸಕ್ಕೆ ಹೆಸರು ಹಚ್ಚಿಸುವುದು, ಕುರಿ ಕಾಯುವಂಥ ಹಳೆಯ ಕೆಲಸಕ್ಕೆ ಮರಳಿಸುವುದು ಇವೆಲ್ಲ ಚಿಕಿತ್ಸೆಯ ಭಾಗಗಳೇ. ಚೇತರಿಸಿಕೊಂಡವನಿಗೆ ಹಂತಿಯ ಸಾಲಿನಲ್ಲಿ, ಭಜನೆಯ ಮೇಳದಲ್ಲಿ ಜಾಗ ಸಿಕ್ಕರೆ ಊರು ಅವನನ್ನು ಮರಳಿ ಪಡೆದಂತೆ.

ಒಪ್ಪಲಾಗದ ಎಡೆಗಳು

ನಂಬಿಕೆಗೆ ಗೌರವ ಎಂದರೆ ಎಲ್ಲ ಆಚರಣೆಗಳಿಗೂ ಒಪ್ಪಿಗೆಯೆಂದಲ್ಲ. ಬರೆ ಹಾಕುವುದು, ಬೇವಿನ ಬರಲಿನಿಂದ ಬಡಿಯುವುದು, ಮೆಣಸಿನಕಾಯಿ ಹೊಗೆ ಕೊಡುವುದು, ಸರಪಳಿ ಬಿಗಿಯುವುದು ಇವು ಚಿಕಿತ್ಸೆಯಲ್ಲ, ಹಿಂಸೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಮನೋರೋಗಿಗಳು ಅಸುನೀಗಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೆಯ ಕಲಮು ಮಾನಸಿಕ ರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿಯೇ ಪ್ರತ್ಯೇಕ ಶಾಸನ ರೂಪುಗೊಂಡಿತು. ಆದರೆ ಸರಪಳಿ ಹಾಕಿದ ತಾಯಿ ಕ್ರೂರಿಯಲ್ಲ. ಬಹುತೇಕ ಸಲ ಆಕೆ ಹೊಲಕ್ಕೆ ಹೋಗಲೇಬೇಕಾದ, ಮಗನನ್ನು ನೋಡಿಕೊಳ್ಳಲು ಬೇರಾರೂ ಇಲ್ಲದ ಹೆಣ್ಣುಮಗಳು. ಕಾಯ್ದೆಯನ್ನು ಓದಿಹೇಳಿದ ಮಾತ್ರಕ್ಕೆ ಸರಪಳಿ ಬಿಚ್ಚುವುದಿಲ್ಲ. ಗುಳಿಗೆ ಹಿಡಿದು ಮಗ ಶಾಂತನಾದ ದಿನ ಆಕೆಯೇ ಬಿಚ್ಚುತ್ತಾಳೆ.

ಇನ್ನೊಂದು ಎಡೆ ಮದುವೆಯದು. ‘ಹುಚ್ಚು ಬಿಡೋತನಕ ಮದುವಿ ಆಗೂದಿಲ್ಲ, ಮದುವಿ ಆಗೋತನಕ ಹುಚ್ಚು ಬಿಡೂದಿಲ್ಲ’ ಎಂಬ ಗಾದೆಯನ್ನು ನಗೆಮಾತಾಗಿ ಬಳಸುವ ಸಮಾಜದಲ್ಲೇ ಮದುವೆಯನ್ನು ಮದ್ದೆಂದು ನಂಬಿ, ರೋಗವನ್ನು ಮುಚ್ಚಿಟ್ಟು ಲಗ್ನ ಮಾಡುವ ಉದಾಹರಣೆಗಳುಂಟು. ಅದರ ಫಲವನ್ನು ಉಣ್ಣುವವಳು ಏನೂ ಅರಿಯದೆ ಆ ಮನೆಗೆ ಬಂದ ಸೊಸೆ. ರೋಗ ಹೆಣ್ಣಿಗಿದ್ದರೆ ತವರಿಗೆ ಮರಳಿ ಅಟ್ಟಲ್ಪಡುವವಳೂ ಆಕೆಯೇ. ಇಂಥಲ್ಲಿ ಕುಟುಂಬದ ಗುಟ್ಟನ್ನು ಕಾಯುತ್ತಲೇ ಮೊದಲು ಚಿಕಿತ್ಸೆ, ಆಮೇಲೆ ಮುಚ್ಚುಮರೆಯಿಲ್ಲದ ಮಾತುಕತೆ ಎಂದು ಮನವೊಲಿಸುವ ಕಷ್ಟದ ಹೊಣೆ ಕಾರ್ಯಕರ್ತರ ಮೇಲೆ ಬೀಳುತ್ತದೆ. ಅದೇ ಊರಿನವರಾದ್ದರಿಂದ ಈ ಗುಟ್ಟುಗಳ ಭಾರವನ್ನು ಅವರು ಮನೆಗೂ ಹೊತ್ತೊಯ್ಯುತ್ತಾರೆ. ಅವರ ದುಗುಡವನ್ನು ಕೇಳುವ ವ್ಯವಸ್ಥೆ ಇಲ್ಲದಿದ್ದರೆ ಇಡೀ ಸೇವೆಯೇ ಬಳಲುತ್ತದೆ.

ಸಮಾರೋಪ

ಜಾನಪದ ಅಧ್ಯಯನವು ನಂಬಿಕೆ, ಗಾದೆ, ಮಾಟ ಮದ್ದುಗಳನ್ನು ಸಂಗ್ರಹಿಸಿ ಸಂಪುಟಗಳಲ್ಲಿ ಕಾಪಾಡಿದೆ. ಆದರೆ ಆ ಗಾದೆಯ ಹಿಂದೆ ಒಳಕೋಣೆಯಲ್ಲಿ ಕುಳಿತ ರೋಗಿಯನ್ನು ಅದು ಕಂಡದ್ದು ಕಡಿಮೆ. ಪ್ರತಿ ಸೀಮೆಯ ನೋವಿನ ನುಡಿಗಟ್ಟುಗಳನ್ನು, ಜನ ಹೋಗುವ ಗುಡಿ ದರ್ಗಾಗಳನ್ನು, ಅಪಾಯವಿಲ್ಲದ ಮತ್ತು ಅಪಾಯಕಾರಿಯಾದ ಆಚರಣೆಗಳನ್ನು ಬೇರ್ಪಡಿಸಿ ದಾಖಲಿಸಿಕೊಟ್ಟರೆ ಅದು ಕಾರ್ಯಕರ್ತರ ತರಬೇತಿಗೆ ನೇರವಾಗಿ ಒದಗುವ ವಿದ್ಯೆಯಾಗುತ್ತದೆ. ಒಟ್ಟಾರೆಯಾಗಿ ಹೇಳುವುದಾದರೆ, ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕರ್ತರು ಜನಪದರ ಮಾತಿನಲ್ಲಿ ಕೇಳಿ ವೈದ್ಯರ ಮಾತಿನಲ್ಲಿ ತಿಳಿಸುವ, ವೈದ್ಯರ ಮಾತನ್ನು ಮತ್ತೆ ಜನಪದರ ಮಾತಿಗೆ ತಿರುಗಿಸುವ ಮಧ್ಯವರ್ತಿಗಳು. ಮನೋವ್ಯಾಧಿಗೆ ಮದ್ದಿಲ್ಲವೆಂದ ಗಾದೆ ಹುಟ್ಟಿದ ಕಾಲಕ್ಕೆ ಅದು ನಿಜವೇ ಆಗಿತ್ತು. ಇಂದು ಮದ್ದಿದೆ, ಅದು ಗಾದೆ ಹೇಳುವವರ ಕಟ್ಟೆಗೆ ಹೋಗಿ ಮುಟ್ಟಬೇಕಾಗಿದೆ.